ಆರ್ನಾಲ್ಡನ ಹೆಪ್ಪು

ಸಿರಿಲ್ ಹಿಂಚ್‌ಲಿಫ್‌ನ ಕೈ ನೋಡಿದವರು ಅವನ ಕಸುಬೇನೆಂದು ಕೇಳಬೇಕಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ನಮ್ಮೂರು ಕಾಲ್ಡರ್‌ವಿಕ್‌ನ ಉಣ್ಣೆ ಗಿರಣಿ ಸೇರಿದವನು, ಬಣ್ಣದ ಮನೆಯ ಕುದಿಯುವ ಹಂಡೆಗಳ ಮುಂದೆ ಐವತ್ತು ವರ್ಷ ನಿಂತ. ಉಗುರಿನ ಸಂದಿಯಲ್ಲಿ ಕಡುನೀಲಿ, ಅಂಗೈಯ ಗೆರೆಗಳಲ್ಲಿ ಕಂದು. ಭಾನುವಾರ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದು. ಆ ಕೈಗಳ ಬಗ್ಗೆ ಅವನಿಗೆ ಜಂಬವೇ ಇತ್ತು. ಹಂಡೆಗೆ ಎರಡು ಬೆರಳು ಅದ್ದಿ ತೆಗೆದು ಕಾವು ಇಷ್ಟು ಎಂದು ಹೇಳುತ್ತಿದ್ದ. ಫೋರ್‌ಮನ್ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು. "ಗಾಜಿನ ಕಡ್ಡಿ ಒಡೆಯುತ್ತೆ, ಸಿರಿಲ್ ಬೆರಳು ಒಡೆಯಲ್ಲ" ಎಂದು ಗಿರಣಿಯಲ್ಲಿ ಮಾತೇ ಇತ್ತು. ಈ ಕಥೆಯ ಕೇಡೆಲ್ಲ ಶುರುವಾದದ್ದು ಆ ಎರಡು ಬೆರಳಿನಿಂದ. ಆದರೆ ಎಲ್ಲವನ್ನೂ ಬೆರಳಿನ ಮೇಲೆ ಹಾಕುವುದು ಸರಿಯಲ್ಲ, ಆಮೇಲಿನದು ಬಾಯಿಯ ಕೆಲಸ.

ಸಿರಿಲ್‌ಗೆ ಇದ್ದ ಒಂದೇ ಚಟ ಮನೆಯಲ್ಲಿ ಬಿಯರ್ ಮಾಡುವುದು. ಹಿತ್ತಲ ಕಡೆಯ ಪಾತ್ರೆ ತೊಳೆಯುವ ಕೋಣೆ ಪೂರ್ತಿ ಅವನದಾಗಿತ್ತು. ಹೆಂಡತಿ ಮಾರ್ಜರಿ ಬಂದವರ ಮುಂದೆಲ್ಲ, "ನನ್ನ ಗಂಡ ವಾರವಿಡೀ ಉಣ್ಣೆ ಬೇಯಿಸ್ತಾನೆ, ಶನಿವಾರ ಬಾರ್ಲಿ ಬೇಯಿಸ್ತಾನೆ. ಒಂದಿನ ಒಂದು ಆಲೂಗೆಡ್ಡೆ ಬೇಯಿಸಿದ್ದು ನಾ ಕಾಣೆ" ಎನ್ನುತ್ತಿದ್ದಳು. ಬೇರೆಯವರು ಅಂಗಡಿಯಿಂದ ಯೀಸ್ಟ್ ಪುಡಿಯ ಪೊಟ್ಟಣ ತಂದು ಸುರಿಯುತ್ತಿದ್ದರು. ಸಿರಿಲ್‌ಗೆ ಪೊಟ್ಟಣ ಕಂಡರಾಗದು. ಕೆಲವು ಬಿಯರುಗಳು ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿ ಮಾಗುತ್ತವಲ್ಲ, ಅಂಥವುಗಳ ತಳದಲ್ಲಿ ಬೆಳ್ಳಗೆ ಗಸಿ ನಿಂತಿರುತ್ತದೆ. ಜೀವ ಇರುವುದು ಆ ಗಸಿಯಲ್ಲಿ. ಮೇಲಿನ ಬಿಯರನ್ನು ಅಲುಗಿಸದೆ ಬಗ್ಗಿಸಿಕೊಂಡು, ಬಾಟಲಿಯ ಬಾಯಿಗೆ ಬೆಂಕಿ ತಾಗಿಸಿ, ಉಳಿದ ಗಸಿಯನ್ನು ಹಾಲಿನ ಬಾಟಲಿಯಲ್ಲಿ ಆರಿಸಿಟ್ಟ ಮಾಲ್ಟಿನ ಕಷಾಯಕ್ಕೆ ಬಿಟ್ಟು, ಹತ್ತಿಯಿಂದ ಮುಚ್ಚಿ, ಬಿಸಿನೀರಿನ ತೊಟ್ಟಿ ಇರುವ ಬೆಚ್ಚನೆಯ ಕಪಾಟಿನಲ್ಲಿಟ್ಟರೆ ಎರಡು ಮೂರು ದಿನಕ್ಕೆ ನೊರೆ ಏಳುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. "ಬಿಯರ್ ಮಾಡೋದು ಯೀಸ್ಟು ಕಣ್ರಯ್ಯಾ, ನಾವಲ್ಲ. ನಾವು ಅದಕ್ಕೆ ಅಡುಗೆಯವರು ಅಷ್ಟೇ" ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದ. ಕೊನೆಗೆ ಇನ್ನೊಂದು ಪಾಠ ತಪ್ಪುತ್ತಿರಲಿಲ್ಲ: ಬಾಟಲಿ ಖಾಲಿಯಾದ ತಕ್ಷಣ ಬಿಸಿನೀರು ಹಾಕಿ ಮೂರು ಸಲ ತೊಳೆಯಬೇಕು, ಗಸಿ ಒಣಗಿದರೆ ಆಮೇಲೆ ದೇವರು ಬಂದರೂ ಹೋಗದು. ಬಿಯರು ಮುಟ್ಟದವರೂ ಈ ಪಾಠ ಕಲಿತಿದ್ದರು, ಅಷ್ಟು ಸಲ ಹೇಳಿದ್ದ.

ನಮ್ಮೂರಿಗೊಂದು ಬಿಯರಿತ್ತು. ಓಲ್ಡ್‌ರಾಯ್ಡ್ ಬ್ರೂವರಿಯವರದು. ಬಾಟಲಿಯ ಮೇಲೆ ಸುರುಳಿ ಕೊಂಬಿನ ಟಗರಿನ ಚಿತ್ರ ಇದ್ದುದರಿಂದ ಎಲ್ಲರೂ ಅದನ್ನು ಟಗರು ಎಂದೇ ಕರೆಯುತ್ತಿದ್ದರು. ಸಿರಿಲ್‌ನ ಜೀವದ ಗೆಳೆಯ ಆರ್ನಾಲ್ಡ್ ಸೈಕ್ಸ್ ಅಲ್ಲಿ ಯೀಸ್ಟ್ ನೋಡಿಕೊಳ್ಳುವವನಾಗಿದ್ದ. ತೊಟ್ಟಿಗಳ ಮೇಲೆ ಕೆನೆಗಟ್ಟಿದ ಯೀಸ್ಟನ್ನು ಸೌಟಿನಿಂದ ತೆಗೆದು ಮುಂದಿನ ತೊಟ್ಟಿಗೆ ಇಡುವುದು ಅವನ ಕೆಲಸ. ಅವನಿಗೂ ಮುಂಚೆ ಅವನಪ್ಪ ಅದನ್ನೇ ಮಾಡಿದ್ದ. ೧೯೭೧ರಲ್ಲಿ ದೂರದ ಪಟ್ಟಣದ ದೊಡ್ಡ ಕಂಪನಿಯೊಂದು ಬ್ರೂವರಿಯನ್ನು ಕೊಂಡು ಮರು ತಿಂಗಳೇ ಬಾಗಿಲು ಹಾಕಿಸಿತು. ಉಳಿದ ಯೀಸ್ಟನ್ನೆಲ್ಲ ಮೋರಿಗೆ ಬಿಡು ಎಂದು ಆರ್ನಾಲ್ಡನಿಗೇ ಹೇಳಿದರು. ಬಿಟ್ಟ. ಆ ದಿನ ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಟ್ಟನಂತೆ. ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ತೀರಿಕೊಂಡ.

ಮಾರನೆಯ ವರ್ಷ ಏಪ್ರಿಲ್‌ನಲ್ಲಿ ಆರ್ನಾಲ್ಡನ ಹೆಂಡತಿ ವಿನ್ನಿ ಒಂದು ಚೀಲ ಹಿಡಿದು ಸಿರಿಲ್‌ನ ಮನೆಗೆ ಬಂದಳು. ಚೀಲದಲ್ಲಿ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಒಂದು ಟಗರು ಬಾಟಲಿ.

"ಕೊನೇ ತೊಟ್ಟಿಯದು. ಕೋಟಿನೊಳಗೆ ಇಟ್ಕೊಂಡು ಬಂದಿದ್ದ" ಎಂದಳು. "ಇದೊಂದೇ ಇರೋದು ಸಿರಿಲ್. ಇದರೊಳಗಿರೋದು ಏಳುತ್ತಾ?"

"ಏಳದೆ ಏನು? ಗಟ್ಟಿ ಬಿಯರು. ಮೂರೂವರೆ ವರ್ಷ ಅದಕ್ಕೇನು ಮಹಾ" ಎಂದ ಸಿರಿಲ್.

"ಆರ್ನಾಲ್ಡ್ ಆಸ್ಪತ್ರೆಯಲ್ಲಿ ಹೇಳ್ದ, ಬೇರೆ ಯಾರಿಗೂ ಕೊಡಬೇಡ, ಸಿರಿಲ್‌ಗೆ ಕೊಡು, ಅವನ ಕೈ ಒಳ್ಳೇದು ಅಂತ."

ಆ ಮಾತಿಗೆ ಸಿರಿಲ್‌ನ ಎದೆ ಉಬ್ಬಿತು. ಮುಂದೆ ಎಷ್ಟೋ ವರ್ಷ ಆ ಮಾತು ನೆನಪಾದಾಗಲೆಲ್ಲ ಅವನು ಕೈಗಳನ್ನು ಜೇಬಿಗೆ ತೂರಿಸಿಕೊಳ್ಳುತ್ತಿದ್ದ.

ಯಾವಾಗಲೂ ಅವನು ಕಷಾಯ ಕಾಯಿಸಿ ರಾತ್ರಿಯಿಡೀ ಆರಲು ಬಿಡುತ್ತಿದ್ದ. ಬೆಳಗ್ಗೆ ಅದು ತಂತಾನೇ ತಣ್ಣಗಿರುತ್ತಿತ್ತು, ಬೆರಳಿಗೆ ಕೆಲಸವೇ ಇರುತ್ತಿರಲಿಲ್ಲ. ಆ ಶನಿವಾರ ಮಾತ್ರ ಅವಸರ. ಮಧ್ಯಾಹ್ನ ಹುಲ್ಲಿನ ಅಂಗಳದಲ್ಲಿ ಚೆಂಡು ಉರುಳಿಸುವ ಬೌಲ್ಸ್ ಪಂದ್ಯವಿತ್ತು, ಅದಕ್ಕೆ ಮುಂಚೆ ಮುಗಿಸಿಬಿಡೋಣ ಎಂದುಕೊಂಡ. ಮಾರ್ಜರಿಯನ್ನು ಕರೆದು ಇಬ್ಬರೂ ಒಂದೊಂದು ಲೋಟ ಟಗರು ಕುಡಿದರು. ಗಸಿಯಲ್ಲಿ ಅರ್ಧವನ್ನಾದರೂ ಎತ್ತಿಡಬಹುದಿತ್ತು. ಎತ್ತಿಡಲಿಲ್ಲ. ಸಿಂಕಿನ ತಣ್ಣೀರಿನಲ್ಲಿ ನಿಲ್ಲಿಸಿದ್ದ ಕಷಾಯಕ್ಕೆ ಎರಡು ಬೆರಳು ಅದ್ದಿದ. ಉಗುರುಬೆಚ್ಚಗಿದೆ ಎಂದಿತು ಬೆರಳು. ಪೂರ್ತಿ ಗಸಿಯನ್ನು ಸುರಿದು, ಹತ್ತಿ ತುರುಕಿ, ಪಂದ್ಯಕ್ಕೆ ಹೋದ. ಗೆದ್ದ ಕೂಡ.

ಮೂರು ದಿನವಾದರೂ ಗುಳ್ಳೆಯಿಲ್ಲ. ಹಳೆಯದು, ನಿಧಾನವಾಗಿ ಏಳುತ್ತದೆ ಎಂದುಕೊಂಡ. ಐದನೆಯ ದಿನವೂ ಕಷಾಯ ಸತ್ತ ಕೆರೆಯಂತೆ ಕೂತಿತ್ತು. ಇನ್ನಷ್ಟು ಹೊಸ ಕಷಾಯ ಕೊಟ್ಟು ನೋಡೋಣ ಎಂದು ಕಾಯಿಸಿ, ಆರಿಸಿ, ಮತ್ತೆ ಬೆರಳಿಟ್ಟು ಸರಿಯಿದೆ ಎಂದು ಪಾತ್ರೆಯನ್ನು ಪಕ್ಕಕ್ಕಿಟ್ಟ. ಚಹಾದ ಕಪ್ಪು ತೊಳೆಯಲು ಬಂದ ಮಾರ್ಜರಿ ಅದನ್ನು ತೊಳೆಯುವ ನೀರೆಂದುಕೊಂಡು ಕೈ ಹಾಕಿದಳು.

"ಅಯ್ಯಯ್ಯೋ! ಸುಟ್ಟೇ ಹೋಯ್ತಲ್ಲೋ ಕೈ!"

"ಏನೇ ನಿನ್ನ ರಂಪ. ಉಗುರುಬೆಚ್ಚಗಿದೆ ಅಷ್ಟೇ."

"ಉಗುರುಬೆಚ್ಚಗೆ? ಇದರಲ್ಲಿ ಅದ್ದಿ ಕೋಳಿ ಪುಕ್ಕ ಕೀಳಬಹುದು! ನಿಂದೇನು ಕೈಯೋ ಚರ್ಮದ ಚಪ್ಪಲಿಯೋ?"

ಸಿರಿಲ್ ಮತ್ತೆ ಬೆರಳು ಅದ್ದಿದ. ಈಗಲೂ ಉಗುರುಬೆಚ್ಚಗೇ ಇತ್ತು. ಹೆಂಡತಿಯ ಕೈ ಕೆಂಪಗಾಗಿತ್ತು. ಕುದಿಯುವ ಹಂಡೆಗಳ ಕಾವನ್ನು ಕರಾರುವಾಕ್ಕಾಗಿ ಹೇಳುತ್ತಿದ್ದ ಬೆರಳುಗಳಿಗೆ ಅದಕ್ಕಿಂತ ಕೆಳಗಿನ ಕಾವು ಗೊತ್ತಾಗುವುದು ಯಾವಾಗಲೋ ನಿಂತುಹೋಗಿತ್ತು. ಅವನು ಆರ್ನಾಲ್ಡನ ಯೀಸ್ಟನ್ನು ಬೇಯಿಸಿಬಿಟ್ಟಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದು ಮಾತ್ರ ಚೆನ್ನಾಗಿ ತಿಳಿಯಿತು.

ವಿನ್ನಿ ಮುಂದಿನ ವಾರದ ಶನಿವಾರ ಬರುವವಳಿದ್ದಳು. ಅಷ್ಟರೊಳಗೆ ಹೋಗಿ ಹೇಳಿಬಿಡು ಎಂದಳು ಮಾರ್ಜರಿ. ಹೇಳುತ್ತೇನೆ ಎಂದ. ಆದರೆ ಸೋಮವಾರ ಗಿರಣಿಯಿಂದ ಬರುವಾಗ ಬೇರೊಂದು ಸೀಮೆಯ, ತಳದಲ್ಲಿ ಗಸಿಯಿರುವ ಬಿಯರಿನ ಬಾಟಲಿ ಕೊಂಡುತಂದ. ಅದರ ಗಸಿಯನ್ನು ಈ ಸಲ ರಾತ್ರಿಯಿಡೀ ಆರಿಸಿದ ಕಷಾಯಕ್ಕೆ ಬಿಟ್ಟ. ಯಾಕೆ ಹಾಗೆ ಮಾಡಿದ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಮೋಸ ಮಾಡಬೇಕೆಂದಲ್ಲ, ಕಪಾಟಿನಲ್ಲಿ ಸತ್ತದ್ದರ ಬದಲು ಏನಾದರೊಂದು ಜೀವಂತ ಇರಲಿ ಎಂದು. ಶನಿವಾರ ಬೆಳಗ್ಗೆ ಹಾಲಿನ ಬಾಟಲಿಯ ಕುತ್ತಿಗೆತನಕ ನೊರೆ ಬಂದಿತ್ತು. ವಿನ್ನಿ ಬಂದಳು, ಕೋಟು ತೆಗೆಯುವ ಮೊದಲೇ ಕಪಾಟಿನ ಮುಂದೆ ಮಂಡಿಯೂರಿ ಬಾಟಲಿಗೆ ಕಿವಿಯಿಟ್ಟಳು. ಒಳಗೆ ಗುಳ್ಳೆಗಳು ಚಿಟಚಿಟ ಎನ್ನುತ್ತಿದ್ದವು.

"ಎದ್ದಿದೆಯಾ ಸಿರಿಲ್?"

ಸಿರಿಲ್ ಬಾಯಿ ತೆರೆದ. ಹೇಳಬೇಕಾದ್ದು ನಾಲಗೆಯ ತುದಿಯಲ್ಲೇ ಇತ್ತು. ವಿನ್ನಿಯ ಮುಖ ನೋಡಿದ.

"ಎದ್ದಿದೆ" ಎಂದ.

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮಾರ್ಜರಿ ಗಂಡನ ಕಡೆ ಒಂದು ನೋಟ ಎಸೆದು ಚಹಾ ಮಾಡಲು ಹೋದಳು.

ಒಂದು ಸುಳ್ಳಿಗೆ ನೂರು ಸುಳ್ಳು ಅನ್ನುತ್ತಾರೆ. ಸಿರಿಲ್ ನೂರು ಹೇಳಬೇಕಾಗಲಿಲ್ಲ. ಉಳಿದದ್ದನ್ನೆಲ್ಲ ಊರೇ ಹೇಳಿತು. ಆ ಬೇಸಿಗೆ ಅವನು ಮಾಡಿದ ಬಿಯರು ಕುಡಿದು ಓಲ್ಡ್‌ರಾಯ್ಡ್‌ನ ಹಳೆಯ ಗಾಡಿ ಹೊಡೆಯುವವನು ಕಣ್ಣು ಮುಚ್ಚಿ, "ಅದೇ ಕಣಪ್ಪಾ! ಅದೇ ಟಗರು! ಮೂಗಿಗೆ ಗುಮ್ತು!" ಎಂದ. ಅಲ್ಲಿದ್ದ ಆರು ಜನರೂ ಹೌದೆಂದರು. ಯಾರ ನಾಲಗೆಗೂ ಅನುಮಾನ ಬರಲಿಲ್ಲ. ನಾಲಗೆಗಿಂತ ಆಸೆ ದೊಡ್ಡದು. ಮಾತು ಹರಡಿ, ಮನೆಯಲ್ಲಿ ಬಿಯರ್ ಮಾಡುವವರೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡರು. ತಿಂಗಳಿಗೊಮ್ಮೆ ಕ್ರಿಕೆಟ್ ಮೈದಾನದ ಪೆವಿಲಿಯನ್‌ನಲ್ಲಿ ಸೇರುತ್ತಿದ್ದರು. ಸಿರಿಲ್‌ನನ್ನು ಅಧ್ಯಕ್ಷನಾಗು ಎಂದರು. ಒಲ್ಲೆ ಎಂದ. ಸ್ಪರ್ಧೆಗೆ ಬಿಯರು ಕಳಿಸು ಎಂದರು. ಕಳಿಸಲಿಲ್ಲ. ಎಂಥ ವಿನಯ ನೋಡು ಎಂದು ಹೊಗಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಈ ಹೊಗಳಿಕೆ ಬಿಸಿ ತುಪ್ಪದಂತೆ ಗಂಟಲಲ್ಲಿ ನಿಂತಿತು. ಬೀದಿಯಲ್ಲಿ ಯಾರಾದರೂ 'ಟಗರು' ಎಂದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಹಾಗಾಯಿತು.

ಎಲ್ಲಕ್ಕಿಂತ ಕಷ್ಟ ವಿನ್ನಿಯ ಅಡುಗೆಮನೆ. ಸೆಪ್ಟೆಂಬರ್ ಇಪ್ಪತ್ತೊಂದು ಆರ್ನಾಲ್ಡ್ ಹುಟ್ಟಿದ ದಿನ. ಪ್ರತಿ ವರ್ಷ ಆ ದಿನಕ್ಕೆ ಸಿರಿಲ್ ತನ್ನ ಬಿಯರಿನ ಎರಡು ಬಾಟಲಿ ಒಯ್ಯಬೇಕು. ಅವಳು ಬಿಯರನ್ನು ಎರಡು ಲೋಟಕ್ಕೆ ಬಗ್ಗಿಸಿ, ಕೆಳಗುಳಿದ ಗಸಿಯನ್ನು ಹಿಟ್ಟಿಗೆ ಕಲಸಿ ಬ್ರೆಡ್ ಮಾಡುತ್ತಿದ್ದಳು. "ಆರ್ನಾಲ್ಡ್ ಅರ್ಧ ನಮ್ಮ ಹೊಟ್ಟೆಗೆ, ಅರ್ಧ ಓವನ್‌ಗೆ" ಎಂದು ನಗುತ್ತಿದ್ದಳು. ಸಿರಿಲ್ ಅವಳ ಮುಖ ನೋಡಲಾರದೆ ಕಿಟಕಿಯ ಕಟ್ಟೆ ನೋಡುತ್ತ ಕೂರುತ್ತಿದ್ದ. ಅಲ್ಲಿ ಕಂದು ಬಣ್ಣದ ಓಲ್ಡ್‌ರಾಯ್ಡ್ ಬಾಟಲಿಯಲ್ಲಿ ಯಾವಾಗಲೂ ಒಂದೇ ಒಂದು ಹೂವಿರುತ್ತಿತ್ತು. ಸೆಪ್ಟೆಂಬರ್‌ನಲ್ಲಾದರೆ ಆರ್ನಾಲ್ಡ್ ನೆಟ್ಟ ಡೇಲಿಯ. ಅಂಥ ಖಾಲಿ ಬಾಟಲಿಗಳು ಊರಿನ ಪ್ರತಿ ಮನೆಯಲ್ಲೂ ಇದ್ದವು. ಅವನು ಆ ಬಾಟಲಿಯನ್ನು ಹತ್ತು ವರ್ಷ ನೋಡಿದ. ಅದರ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

ಎಂಬತ್ತೈದರ ಆಗಸ್ಟ್‌ನಲ್ಲಿ ಕೂಟದ ಕಾರ್ಯದರ್ಶಿ ಡೆಸ್ಮಂಡ್ ಮನೆಗೆ ಬಂದ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಉತ್ಸಾಹಕ್ಕೆ ಕೊನೆಯಿಲ್ಲ.

"ಹತ್ತು ವರ್ಷ ಆಯ್ತು, ಸಿರಿಲ್. ಇನ್ನು ಇದು ನಿಮ್ಮೊಬ್ಬರ ಕಪಾಟಲ್ಲೇ ಇರೋದು ಅಪಾಯ. ನಾಳೆ ನಿಮಗೇನಾದ್ರೂ ಆದ್ರೆ?"

"ನಂಗೇನೂ ಆಗಲ್ಲ."

"ಇಪ್ಪತ್ತು ಗಾಜಿನ ಕೊಳವೆ ಮಾಡ್ತೀನಿ. ಒಂದೊಂದರಲ್ಲೂ ಒಂದಿಷ್ಟು ಯೀಸ್ಟು. ಎಲ್ಲ ಸದಸ್ಯರಿಗೂ ಒಂದೊಂದು. ಇನ್ನೊಂದನ್ನ ಯೀಸ್ಟು ಕಾಪಾಡೋ ಸಂಸ್ಥೆಗೆ ಕಳಿಸ್ತೀನಿ, ಅವರು ನೂರು ವರ್ಷ ಇಡ್ತಾರೆ. ಹೆಸರು ಕೂಡ ಯೋಚಿಸಿದೀನಿ, 'ಆರ್ನಾಲ್ಡ್ ಸೈಕ್ಸ್'. ಹೇಗಿದೆ?"

ಸಿರಿಲ್ ತಲೆ ಅಲ್ಲಾಡಿಸಿದ. "ಈಗೀಗ ಅದು ಸೊರಗಿದೆ ಮಾರಾಯ್ರೇ. ಮೊದಲಿನ ಹಾಗಿಲ್ಲ. ಬಿಟ್ಟುಬಿಡಿ."

"ಸೊರಗಿದ್ರೆ ಚೇತರಿಸೋಣ, ಅದಕ್ಕೇ ತಾನೇ ನಾನಿರೋದು! ಸೆಪ್ಟೆಂಬರ್ ಇಪ್ಪತ್ತೊಂದು ಈ ಸಲ ಶನಿವಾರವೇ ಬಿದ್ದಿದೆ. ಮಧ್ಯಾಹ್ನ ಪೆವಿಲಿಯನ್‌ನಲ್ಲಿ ಇಟ್ಕೊಳ್ಳೋಣ. ಕೊಳವೆಗಳನ್ನ ವಿನ್ನಿ ಕೈಯಲ್ಲೇ ಕೊಡಿಸ್ತೀನಿ. ಅವರು ಆಗಲೇ ಒಪ್ಪಿದಾರೆ. ಹೊಸ ಹ್ಯಾಟು ತಗೊಂಡ್ರಂತೆ!"

ಡೆಸ್ಮಂಡ್ ಕಪಾಟಿನಿಂದ ಒಂದು ಬಾಟಲಿ ನೊರೆ ಎತ್ತಿಕೊಂಡು ಹೋದ. ಸಿರಿಲ್ ತಡೆಯಲಿಲ್ಲ. ಇಷ್ಟು ದಿನ ಸುಳ್ಳು ಒಂದು ಮನೆಯ ಕಪಾಟಿನಲ್ಲಿತ್ತು. ಇನ್ನು ಆರ್ನಾಲ್ಡನ ಹೆಸರು ಹೊತ್ತು ನೂರು ವರ್ಷ ಬದುಕುತ್ತದೆ. ಆರ್ನಾಲ್ಡ್ ಕೈಯಾರೆ ಮುಟ್ಟದ, ಅವನು ಮೂಸಿಯೂ ನೋಡದ ಯಾವುದೋ ಊರಿನ ಯೀಸ್ಟಿಗೆ ಅವನ ಹೆಸರು. ಸಿರಿಲ್‌ಗೆ ಊಟ ಸೇರದಾಯಿತು. ಮಾರ್ಜರಿ ಮೂರು ವಾರ ನೋಡಿದಳು. ಇನ್ನೆರಡು ದಿನ ಉಳಿದಿರುವಾಗ, ಗುರುವಾರ ಬೆಳಗ್ಗೆ, ಅವನ ಮುಂದೆ ಟೋಪಿ ತಂದಿಟ್ಟಳು.

"ಹತ್ತು ವರ್ಷ ನನ್ನ ಬಾಯಿಗೂ ಬೀಗ ಹಾಕಿಸ್ದೆ. ಇನ್ನಾಗಲ್ಲ. ನೀನು ಹೋಗ್ತೀಯೋ, ನಾನು ಹೋಗಲೋ?"

ಅವನು ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ವಿನ್ನಿಯ ಬಾಗಿಲಿಗೆ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ವಿನ್ನಿ ಬೆಲ್ಲದ ಪಾಕ ಹಾಕಿದ ಶುಂಠಿ ಕೇಕನ್ನು ಚೌಕ ಚೌಕವಾಗಿ ಕತ್ತರಿಸುತ್ತಿದ್ದಳು, ಶನಿವಾರಕ್ಕೆಂದು. ಹ್ಯಾಟು ಬೀರುವಿನ ಮೇಲಿತ್ತು, ಕಡುನೀಲಿಯದು.

"ಬಾ ಬಾ, ಬಣ್ಣದ ಕೆಲಸದವನೇ ಬಂದ. ನೋಡಿ ಹೇಳು, ಈ ನೀಲಿ ನನ್ನ ಕೋಟಿಗೆ ಹೊಂದುತ್ತಾ?"

"ವಿನ್ನಿ, ಕೂತ್ಕೋ."

"ಯಾಕೋ? ಮಾರ್ಜರಿ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ಕೂತ್ಕೋ ಅಂದ್ನಲ್ಲ." ಅವಳು ಕೂತಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೇ ಇದ್ದ. "ಅದು ಎದ್ದಿರ್ಲಿಲ್ಲ."

"ಯಾವುದು?"

"ಆರ್ನಾಲ್ಡಂದು. ನೀನು ಕೊಟ್ಟ ಬಾಟಲೀದು. ನಾನು ಕೊಂದೆ ವಿನ್ನಿ. ಕಷಾಯ ಸುಡ್ತಿತ್ತು, ನನ್ನ ಬೆರಳಿಗೆ ಗೊತ್ತಾಗ್ಲಿಲ್ಲ. ಪಂದ್ಯಕ್ಕೆ ಹೊತ್ತಾಗಿತ್ತು ಅಂತ ಅವಸರ ಮಾಡ್ದೆ. ನೀನು ಬಂದು ಕಿವಿಯಿಟ್ಯಲ್ಲ, ಅದು ಅಂಗಡಿಯಿಂದ ತಂದ ಬೇರೆ ಬಿಯರಿನ ಗಸಿ. ಅವತ್ತಿಂದ ಇವತ್ತಿನ ತನಕ ಅದೇ. ಟಗರು ಅಲ್ಲ. ಯಾವತ್ತೂ ಆಗಿರ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ವಿನ್ನಿ ಬೈಯಲಿಲ್ಲ. ಚಾಕುವಿಗೆ ಅಂಟಿದ ಕೇಕಿನ ಚೂರನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಹಚ್ಚಿದಳು. ಆಮೇಲೆ ಕಿಟಕಿಯ ಕಡೆ ನೋಡಿದಳು.

"ಎರಡಿದ್ವು" ಎಂದಳು.

"ಏನು?"

"ಬಾಟಲಿ. ಕೋಟಿನ ಎರಡೂ ಜೇಬಲ್ಲಿ ಒಂದೊಂದು ತಂದಿದ್ದ. ನಿನಗೊಂದು ಕೊಟ್ಟೆ. ಇನ್ನೊಂದಿದೆ ಅಂದ್ರೆ ನೀನು ಜೋಪಾನ ಮಾಡಲ್ಲ ಅನ್ಕೊಂಡು, ಇದೊಂದೇ ಅಂತ ಸುಳ್ಳು ಹೇಳ್ದೆ. ನಿನ್ನ ಕೈಲಿ ಆಗದೆ ಹೋದ್ರೆ ಇರ್ಲಿ ಅಂತ ಅದನ್ನ ಉಗ್ರಾಣದಲ್ಲಿ ಜಾಮ್ ಡಬ್ಬಿ ಹಿಂದೆ ಇಟ್ಟಿದ್ದೆ."

ಸಿರಿಲ್‌ನ ಕೈಯಲ್ಲಿ ತಿರುಗುತ್ತಿದ್ದ ಟೋಪಿ ನಿಂತಿತು. "ಎಲ್ಲಿದೆ ಅದು?"

"ನೀನು ಎದ್ದಿದೆ ಅಂದ್ಯಲ್ಲ. ಇನ್ನೇನು ಭಯ ಅಂತ, ಆ ಸೆಪ್ಟೆಂಬರ್‌ನಲ್ಲಿ ಅವನ ಹುಟ್ಟಿದ ದಿನ ಬೆಳಗ್ಗೆ ಒಬ್ಬಳೇ ಕೂತು ತೆಗೆದೆ. ಎಷ್ಟು ಜೀವ ಇತ್ತು ಗೊತ್ತಾ ಅದರಲ್ಲಿ! ಮುಚ್ಚಳ ತೆಗೆದ ತಕ್ಷಣ ನೊರೆ ಉಕ್ಕಿ ಮೇಜೆಲ್ಲ ಒದ್ದೆ. ಮಧ್ಯಾಹ್ನ ನೀನು ನಿಂದು ಎರಡು ತಂದೆ, ಮೊದಲನೇ ಸಲ. ಬೆಳಗಿಂದು ಇನ್ನೂ ನಾಲಗೇಲಿತ್ತು. ನಿಂದು ಕುಡಿದೆ. ರುಚಿ ಬೇರೆ ಅನ್ನಿಸ್ತು."

ಅವಳು ಚಾಕುವನ್ನು ಕೆಳಗಿಟ್ಟಳು.

"ನಾನೇನು ಅನ್ಕೊಂಡೆ ಗೊತ್ತಾ ಸಿರಿಲ್? ನಿಂದೇ ಸರಿ, ಬಾಟಲೀಲಿ ಇಷ್ಟು ವರ್ಷ ಕೂತು ಅವಂದು ಕೆಟ್ಟಿದೆ ಅನ್ಕೊಂಡೆ. ಆರ್ನಾಲ್ಡಂದೇ ಕೆಟ್ಟಿದೆ ಅಂತ."

ಸಿರಿಲ್ ಕುರ್ಚಿ ಎಳೆದುಕೊಂಡು ಕೂತ. ಏಪ್ರಿಲ್‌ನಿಂದ ಸೆಪ್ಟೆಂಬರ್. ಐದು ತಿಂಗಳು ಆರ್ನಾಲ್ಡನ ಯೀಸ್ಟು ಈ ಮನೆಯ ಉಗ್ರಾಣದಲ್ಲಿ ಜೀವಂತವಾಗಿತ್ತು. ಆ ಐದು ತಿಂಗಳಲ್ಲಿ ಎಷ್ಟು ಸಲ ಇಲ್ಲಿ ಕೂತು ಚಹಾ ಕುಡಿದಿದ್ದ, ಅದೇ ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು! ಯಾವತ್ತಾದರೂ ಒಂದು ದಿನ, ಕೊಂದುಬಿಟ್ಟೆ ವಿನ್ನಿ, ತಪ್ಪಾಯಿತು ಎಂದಿದ್ದರೆ ಸಾಕಿತ್ತು. ಅವಳು ಎದ್ದು ಜಾಮ್ ಡಬ್ಬಿ ಸರಿಸುತ್ತಿದ್ದಳು. ಅವನ ಬೆರಳು ಕೊಂದದ್ದು ಒಂದು ಬಾಟಲಿಯನ್ನು. ಇನ್ನೊಂದನ್ನು ಕೊಂದದ್ದು ಆ ಒಂದು ಮಾತು.

"ಗಸಿ?" ಎಂದ. ಕೇಳಬಾರದಿತ್ತು; ಆದರೂ ಕೇಳಿದ. "ತಳದಲ್ಲಿ ಗಸಿ ಉಳಿದಿತ್ತಾ?"

"ಬೆರಳು ದಪ್ಪ ಇತ್ತು."

ವಿನ್ನಿ ಎದ್ದು ಕಿಟಕಿಯ ಕಟ್ಟೆಯ ಬಾಟಲಿಯಿಂದ ಡೇಲಿಯ ತೆಗೆದು ಮೇಜಿನ ಮೇಲಿಟ್ಟಳು. ನೀರನ್ನು ಸಿಂಕಿಗೆ ಚೆಲ್ಲಿ ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ನಲವತ್ತು ವರ್ಷದ ಅಭ್ಯಾಸ ಬಿಡದೆ ಅವನು ಅದನ್ನು ಬೆಳಕಿಗೆ ಹಿಡಿದು ತಳ ನೋಡಿದ. ಒಂದು ಕಲೆಯಿಲ್ಲ.

"ತಕ್ಷಣ ತೊಳ್ದೆ" ಎಂದಳು ವಿನ್ನಿ. "ಬಿಸಿನೀರು ಹಾಕಿ ಮೂರು ಸಲ. ನೀನೇ ಹೇಳ್ಕೊಟ್ಟಿದ್ದು."

ಅಷ್ಟು ಹೊತ್ತು ತಡೆದಿದ್ದ ಸಿರಿಲ್ ಆಗ ಅತ್ತ. ಮುಖ ಮುಚ್ಚಿಕೊಳ್ಳಲು ಕೈ ಎತ್ತಿದವನು ಆ ಕೈಗಳನ್ನು ನೋಡಿ ಹಾಗೇ ಕೆಳಗಿಳಿಸಿದ. ವಿನ್ನಿ ಸಮಾಧಾನ ಹೇಳಲಿಲ್ಲ. ಹ್ಯಾಟನ್ನು ಬೀರುವಿನ ಮೇಲಿಂದ ತೆಗೆದು ಪೆಟ್ಟಿಗೆಯೊಳಗಿಟ್ಟಳು, ಮತ್ತೆ ಹೊರತೆಗೆದಳು.

"ಶನಿವಾರ ಎಲ್ಲರ ಮುಂದೆ ನೀನೇ ಹೇಳ್ಬೇಕು. ಡೆಸ್ಮಂಡ್‌ಗೆ ಚೀಟಿ ಬರೆದು ಕಳಿಸಿ ಮನೇಲಿ ಕೂತ್ಕೊಳ್ಳೋ ಹಾಗಿಲ್ಲ. ಅವನ ಹೆಸರು ಆ ಕೊಳವೆಗಳ ಮೇಲೆ ಇರ್ಬಾರ್ದು."

"ಹೇಳ್ತೀನಿ."

"ಹೋದ ಸಲವೂ ಹಾಗೇ ಅಂದ್ಕೊಂಡಿರ್ತೀಯ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ" ಎಂದಳು ವಿನ್ನಿ.

ಶನಿವಾರ ಪೆವಿಲಿಯನ್ ತುಂಬಿತ್ತು. ಮೇಜಿನ ಮೇಲೆ ಹಂದಿಮಾಂಸದ ಪೈ, ವಿನ್ನಿಯ ಶುಂಠಿ ಕೇಕು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಪ್ಪತ್ತೊಂದು ಗಾಜಿನ ಕೊಳವೆ. ಒಂದೊಂದಕ್ಕೂ ಡೆಸ್ಮಂಡ್ ತನ್ನ ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದ. ಹಳೆಯ ಗಾಡಿ ಹೊಡೆಯುವವನು ಗಾಲಿಕುರ್ಚಿಯಲ್ಲಿ ಬಂದಿದ್ದ. ವಿನ್ನಿ ನೀಲಿ ಹ್ಯಾಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಏನೋ ಒಂದಿತ್ತು. ಏನೆಂದು ಸಿರಿಲ್‌ಗೆ ಮತ್ತು ಮಾರ್ಜರಿಗೆ ಮಾತ್ರ ಗೊತ್ತು.

ಡೆಸ್ಮಂಡ್ ಅವನ ಹೆಸರು ಕರೆದ. ಜನ ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಒಲ್ಲರು. ಯಾರೋ ಹಿಂದಿನಿಂದ, "ಆ ಬೆರಳು ತೋರಿಸೋ ಸಿರಿಲ್!" ಎಂದು ಕೂಗಿದರು, ಎಲ್ಲರೂ ನಕ್ಕರು. ಸಿರಿಲ್ ಕೈಗಳನ್ನು ಜೇಬಿನಿಂದ ತೆಗೆದು, ಬೆರಳು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟ. ಚಪ್ಪಾಳೆ ನಿಲ್ಲುವ ತನಕ ಕಾದ. ಆಮೇಲೆ ವಿನ್ನಿಯ ಮುಖ ನೋಡಿದ, ಹತ್ತು ವರ್ಷದಲ್ಲಿ ಮೊದಲ ಸಲ ಕಣ್ಣು ತಪ್ಪಿಸದೆ.

"ಅದು ಎದ್ದಿರ್ಲಿಲ್ಲ" ಎಂದು ಶುರುಮಾಡಿದ.